ಅಪ್‌ಡೇಟ್: ಬೆಳ್ಳಿ ಬಳೆಗೆ ಕೊನೆಗೂ ಬೆಸುಗೆ ಹಿಡಿಯಿತು
ಚಿಕ್ಕ ಬ್ಯುಟೇನ್ ಗ್ಯಾಸ್ ಟಾರ್ಚ್‌ನಲ್ಲಿ ದಪ್ಪ ಬೆಳ್ಳಿ ಬಳೆಗೆ ಬೆಸುಗೆ ಹಿಡಿಯುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಈಗ ಹಿಡಿದಿದೆ!

ಸಣ್ಣ ಟಿಪ್ (ಉರಿ ಹೊರಬರುವ ಮೂತಿ) ಹಾಕಿ ನೋಡಿದೆ, ಆಗಲಿಲ್ಲ. ಉರಿ ಚೂಪಾಯಿತು ಅಷ್ಟೇ. ಬೆಳ್ಳಿ ಶಾಖವನ್ನು ಬೇಗ ಎಲ್ಲ ಕಡೆ ಹರಡಿಬಿಡುತ್ತೆ ಅಲ್ವಾ, ಬೆಸುಗೆ ಚೂರು ಗುಂಡಗಾಗಿ ಸುಮ್ನೆ ಕೂತಿತ್ತು. ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯಲಿ ಅಂತ ಹಚ್ಚುವ ಲೇಪ) ಜಾಸ್ತಿ ಹಚ್ಚಿದರೂ ಅದೇ ಕಥೆ.

ಕೆಲಸ ಮಾಡಿದ್ದು ಪ್ರೊಪೇನ್ ಟಾರ್ಚ್, ದೊಡ್ಡ ಟಿಪ್, ಅಗಲವಾದ ಮೆತ್ತನೆ ಉರಿ. ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಇದ್ದಿಲ ತುಂಡಿನ ಮೇಲಿಟ್ಟು ಇಡೀ ಬಳೆಯನ್ನು ಕಾಯಿಸಿದೆ. ಮಂದ ಕೆಂಪಾಗುತ್ತಿದ್ದಂತೆ ಬೆಸುಗೆ ಫಳಕ್ಕನೆ ಮಿಂಚಿ ಸಂದಿನುದ್ದಕ್ಕೂ ಹರಿಯಿತು.

ಹೊಸದಾಗಿ ಕಲಿತದ್ದು: ಅತಿ ಬಿಸಿ ಜಾಗ ಉರಿಯೊಳಗಿನ ನೀಲಿ ಮೊನೆಯಿಂದ ಸ್ವಲ್ಪ ಮುಂದಿರುತ್ತದೆ. ನಾನು ತೀರಾ ಹತ್ತಿರ ಹಿಡಿಯುತ್ತಿದ್ದೆ. ಇನ್ನೊಂದು, ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಹತ್ತಿರವೇ ಸೇರಿಕೊಳ್ಳುತ್ತದೆ, ಜೋಪಾನ.