ಯಾವ ದೇಶ ಅಂತ ಕೇಳಿದ ತಂಗಿಗೆ

ಕಳೆದ ಸಂಚಿಕೆಯಲ್ಲಿ ಬಂದ ಪತ್ರ:

"ನನಗೆ 30 ವರ್ಷ. ಬಿ.ಎಸ್‌ಸಿ. ನರ್ಸಿಂಗ್ ಓದಿ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ 7 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಂಡ ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನಡೆಸುತ್ತಾರೆ. ಮಗಳಿಗೆ 4 ವರ್ಷ. ಅತ್ತೆ ಮಾವ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಹೈಸ್ಕೂಲಿನಿಂದಲೂ ನನಗೆ ಹೊರದೇಶದಲ್ಲಿ ಬದುಕುವ ಆಸೆ. ನೈಟ್ ಡ್ಯೂಟಿ ಮುಗಿಸಿ ಬಂದು, ನಿದ್ದೆ ಹತ್ತುವವರೆಗೆ ಯಾವ್ಯಾವುದೋ ದೇಶದ ವಿಡಿಯೊ ನೋಡುತ್ತೇನೆ. ಗಂಡನಿಗೆ ಕೆನಡಾ ಇಷ್ಟ, ಅವರ ಸ್ನೇಹಿತರು ಅಲ್ಲಿದ್ದಾರೆ. ಅಣ್ಣ ದುಬೈ ಅಂತಾನೆ. ಗೆಳತಿ ಜರ್ಮನಿ ಅಂತಾಳೆ. ಏಜೆಂಟ್ ಒಬ್ಬರು ಆರು ಲಕ್ಷ ಕೊಟ್ಟರೆ ಎಲ್ಲಾ ಮಾಡಿಸಿಕೊಡುತ್ತೇನೆ ಅಂತಿದ್ದಾರೆ. ಉಳಿತಾಯ ಇರುವುದೇ ಒಂಬತ್ತು ಲಕ್ಷ. ಹೋಗಬೇಕು ಅನ್ನುವುದೇ ತಪ್ಪಾ? ಹೋಗುವುದಾದರೆ ಎಲ್ಲಿಗೆ?"

ಈ ಪತ್ರಕ್ಕೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನ್ಯೂರೆಂಬರ್ಗ್, ಜರ್ಮನಿಯಿಂದ

ತಂಗಿ, ನಾನೂ ಬೆಂಗಳೂರಲ್ಲಿ ಐಸಿಯು ನರ್ಸ್ ಆಗಿದ್ದವಳು. ಇಲ್ಲಿಗೆ ಬಂದು 5 ವರ್ಷ ಆಯಿತು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಂಡನಿಗೆ ಯಾವ ದೇಶ ಇಷ್ಟ ಅಂತ ಇದೆ, ಅಣ್ಣನಿಗೆ, ಗೆಳತಿಗೆ ಯಾವುದು ಅಂತಲೂ ಇದೆ. ನಿಮಗೆ ಯಾವುದು ಅಂತ ಎಲ್ಲೂ ಇಲ್ಲ. ಆದರೆ ನಿಮ್ಮ ಮನೆಯಿಂದ ಹೊರದೇಶಕ್ಕೆ ದಾರಿ ಇರುವುದು ನಿಮ್ಮ ಕೆಲಸದ ಮೂಲಕ. ಈ ಮೂರೂ ಕಡೆ ನರ್ಸ್ ಬೇಕು. ಹಾಗಾಗಿ ಯಾವ ದೇಶ ಚೆಂದ ಅಂತ ಹುಡುಕುವುದನ್ನು ಸ್ವಲ್ಪ ದಿನ ಬಿಡಿ. ಯಾವ ದೇಶದಲ್ಲಿ ನರ್ಸ್ ಆಗಿ ದಿನ ಹೇಗೆ ಕಳೆಯುತ್ತದೆ ಅಂತ ನೋಡಿ. ವಿಡಿಯೊದಲ್ಲಿ ಹಿಮ ಕಾಣಿಸುತ್ತದೆ, ಬೆಳಗಿನ ಶಿಫ್ಟ್ ಕಾಣಿಸುವುದಿಲ್ಲ.

ನನ್ನ ಮೊದಲ ವಾರದ್ದು ಹೇಳುತ್ತೇನೆ. ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ನನಗೆ ವಹಿಸಿದರು. ಬೆಂಗಳೂರಲ್ಲಿ ಮೈ ಒರೆಸುವುದು, ಊಟ ಮಾಡಿಸುವುದು ಆಯಾಗಳು, ಇಲ್ಲವೇ ಮನೆಯವರು. ಇಲ್ಲಿ ರೋಗಿಯ ಜೊತೆ ಮನೆಯವರು ಉಳಿಯುವುದಿಲ್ಲ. ಬಿಸಿನೀರಿನ ಬಟ್ಟೆಯಲ್ಲಿ ಮುಖ, ಕಂಕುಳು, ಬೆನ್ನು ಒರೆಸಿ, ತಲೆ ಬಾಚಿ, ಹಲ್ಲಿನ ಸೆಟ್ಟು ತೊಳೆದುಕೊಡುವುದು ನರ್ಸಿನ ಕೆಲಸ. ಇಲ್ಲಿ ನಮ್ಮ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕುವುದು ಡಾಕ್ಟರ್. ವೆಂಟಿಲೇಟರ್ ನೋಡಿಕೊಂಡವಳು ನಾನು, ಇದಕ್ಕಾ ಇಷ್ಟು ದೂರ ಬಂದೆ ಅಂತ ಸಿಬ್ಬಂದಿಯ ಬಾತ್‌ರೂಮಿನಲ್ಲಿ ನಿಂತು ಅತ್ತೆ. ನಾಲ್ಕನೇ ದಿನ ಅದೇ ಅಜ್ಜಿಯ ಬೆನ್ನು ಒರೆಸುವಾಗ ಸೊಂಟದ ಕೆಳಗೆ ಚರ್ಮ ಕೆಂಪಾಗಿದ್ದು ಕಂಡಿತು. ಬೆರಳಲ್ಲಿ ಒತ್ತಿದರೂ ಬಿಳಿಚಲಿಲ್ಲ. ಮಲಗಿ ಮಲಗಿ ಆಗುವ ಹುಣ್ಣಿನ ಶುರುವಾತು. ಒರೆಸುವ ಕೆಲಸ ಬೇರೆಯವರಿಗೆ ಬಿಟ್ಟಿದ್ದರೆ ನನಗೆ ಅದು ಕಾಣುತ್ತಲೇ ಇರಲಿಲ್ಲ. ಆಮೇಲೆ ಆ ಕೆಲಸದ ಮೇಲಿನ ಸಿಟ್ಟು ಹೋಯಿತು. ನಿಮಗೆ ಹೋಗದೇ ಇರಬಹುದು. ನನ್ನ ಜೊತೆ ಬಂದವರಲ್ಲಿ ಇಬ್ಬರು ಇದೇ ಕಾರಣಕ್ಕೆ ವಾಪಸ್ ಹೋದರು. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಜರ್ಮನ್ ಭಾಷೆ ಬಿ2 ಮಟ್ಟದವರೆಗೆ ಬೇಕು, ಅಂದರೆ ಆರು ಮಟ್ಟಗಳಲ್ಲಿ ನಾಲ್ಕನೆಯದು. ಶಿಫ್ಟ್ ಮಾಡಿಕೊಂಡೇ ಕಲಿಯಲು ನನಗೆ 14 ತಿಂಗಳು ಹಿಡಿಯಿತು. ಸರ್ಟಿಫಿಕೇಟ್ ಸಿಕ್ಕಿತು ಅಂತ ಬೀಗಿಕೊಂಡು ಬಂದರೆ ಇಲ್ಲಿ ಮಾತಾಡುವುದು ಫ್ರಾಂಕನ್ ಆಡುಭಾಷೆ. ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುತ್ತಾರಲ್ಲ, ಆ ಹದಿನೈದು ನಿಮಿಷ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ಅರ್ಥವಾಗದ ಪದವನ್ನು ಅಂಗೈ ಮೇಲೆ ಬರೆದುಕೊಂಡು, ಆಮೇಲೆ ಒಬ್ಬರನ್ನು ಹಿಡಿದು ಕೇಳುತ್ತಿದ್ದೆ. ಆರು ತಿಂಗಳು ಹೀಗೇ.

ಕಾಗದದ ಕೆಲಸ ಚುಟುಕಾಗಿ: ನಿಮ್ಮ ಅಂಕಪಟ್ಟಿ, ಸಿಲಬಸ್, ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲವನ್ನೂ ಇಲ್ಲಿನ ರಾಜ್ಯದ ಕಚೇರಿ ನೋಡುತ್ತದೆ. ನಮ್ಮ ಓದಿನಲ್ಲಿ ಏನು ಕಡಿಮೆ ಇದೆ ಅಂತ ಪತ್ರ ಕೊಡುತ್ತದೆ. ಅದಕ್ಕೆ ತಕ್ಕಂತೆ ಒಂದು ಪರೀಕ್ಷೆ, ಇಲ್ಲವೇ ಆಸ್ಪತ್ರೆಯಲ್ಲೇ ತರಬೇತಿ. ಅದು ಮುಗಿಯುವವರೆಗೆ ನೀವು ಸಹಾಯಕಿ, ಸಂಬಳವೂ ಕಡಿಮೆ. ಮುಗಿದ ಮೇಲೆ ಪೂರ್ತಿ ನರ್ಸ್. ಪೂರ್ತಿ ನರ್ಸ್ ಆಗಿ ಸಿಗುವ ವಾಸದ ಪರ್ಮಿಟ್‌ನಲ್ಲಿ 3 ವರ್ಷ ಆದಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಗಂಡನಿಗೂ ಇಲ್ಲಿ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಸಿಎನ್‌ಸಿ ಬಲ್ಲವರಿಗೆ ಈ ಊರಲ್ಲಿ ಕೆಲಸ ಇದೆ. ಆದರೆ ಕಾರ್ಖಾನೆಯಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ನೀವು ಕಲಿಯುವಾಗಲೇ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನು ಮಗಳು. ಇದನ್ನು ಬರೆಯಲು ನನಗೆ ಇವತ್ತಿಗೂ ಕಷ್ಟ. ನಾನು ಬಂದಾಗ ಸಾಕಷ್ಟು ಸಂಬಳ, ಸಾಕಷ್ಟು ಜಾಗದ ಮನೆ ತೋರಿಸದೆ ಕುಟುಂಬಕ್ಕೆ ವೀಸಾ ಸಿಗುತ್ತಿರಲಿಲ್ಲ. ನನಗೆ ಮನೆ ಸಿಗಲು 11 ತಿಂಗಳು ಬೇಕಾಯಿತು. ಮಗನಿಗೆ ಆಗ ಮೂರೂವರೆ ವರ್ಷ. ಮೊದಲು ದಿನಾ ವಿಡಿಯೊ ಕಾಲ್‌ನಲ್ಲಿ ಅಳುತ್ತಿದ್ದ. ಐದನೇ ತಿಂಗಳಿಗೆ ಅಳು ನಿಂತಿತು, ಫೋನಿಗೆ ಬರುವುದನ್ನೇ ಬಿಟ್ಟ. ಅಳುತ್ತಿದ್ದಾಗಲೇ ವಾಸಿ ಇತ್ತು ಅನ್ನಿಸಿತು. ಈಗ ಎಲ್ಲಾ ಸರಿ ಇದೆ, ನನ್ನ ಜರ್ಮನ್ ತಿದ್ದುತ್ತಾನೆ. ಆದರೂ ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಆಸ್ಪತ್ರೆಯವರನ್ನು ಕೇಳಿ: ಕುಟುಂಬ ಯಾವಾಗ ಬರಬಹುದು, ಮನೆ ಹುಡುಕಲು ನೀವು ಏನು ಸಹಾಯ ಮಾಡುತ್ತೀರಿ? ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಬೇರೆ ಆಸ್ಪತ್ರೆ ನೋಡಿ.

ಇಂದಿರಾನಗರದ ಗೋಥೆ ಸಂಸ್ಥೆಯಲ್ಲೋ ಬೇರೆ ಕಡೆಯೋ ಜರ್ಮನ್‌ನ ಮೊದಲ ಮಟ್ಟವಾದ ಎ1 ತರಗತಿಗೆ ಸೇರಿ. ಕೆಲಸ ಬಿಡಬೇಡಿ. ಮೂರು ತಿಂಗಳಲ್ಲಿ ಆ ಭಾಷೆ ನಿಮ್ಮ ಬಾಯಿಗೆ ಒಗ್ಗುತ್ತದಾ ಅಂತ ಗೊತ್ತಾಗುತ್ತದೆ. ಒಗ್ಗದಿದ್ದರೆ ಹೋಗುವುದು ಫೀಸ್ ಮಾತ್ರ.

ದಾವಣಗೆರೆಯಿಂದ

ಆ ಆರು ಲಕ್ಷ ಕೊಡಬೇಡಿ. ದಯವಿಟ್ಟು ಕೊಡಬೇಡಿ.

ನನ್ನ ತಮ್ಮ ನಾಲ್ಕು ಲಕ್ಷ ಕೊಟ್ಟ. ಅಮ್ಮನ ಎರಡು ಬಳೆ, ನನ್ನ ಒಂದು ಸರ ಅದರಲ್ಲಿ ಸೇರಿತ್ತು. ಏಜೆಂಟ್ ಅವನ ಮೂಲ ಸರ್ಟಿಫಿಕೇಟುಗಳನ್ನೂ ಇಟ್ಟುಕೊಂಡಿದ್ದ. ಒಂದೂವರೆ ವರ್ಷ 'ಮುಂದಿನ ವಾರ' ಅಂದ. ದುಡ್ಡು ಬರಲಿಲ್ಲ. ಸರ್ಟಿಫಿಕೇಟು ಬಿಡಿಸಿಕೊಳ್ಳಲು ಪೊಲೀಸ್ ಸ್ಟೇಷನ್‌ಗೆ ಎಷ್ಟು ಸಲ ಅಲೆದೆವೋ ಲೆಕ್ಕ ಇಲ್ಲ.

ಆಮೇಲೆ ತಿಳಿದದ್ದು ಇಷ್ಟು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಇದೆಯಾ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಆರು ಲಕ್ಷ ಎಲ್ಲಿ, ಮೂವತ್ತು ಸಾವಿರ ಎಲ್ಲಿ? ಮೂಲ ಕಾಗದ ಯಾರ ಕೈಗೂ ಕೊಡಬೇಡಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಎಡ್ಮಂಟನ್, ಕೆನಡಾದಿಂದ

ನಾನು ನರ್ಸ್ ಒಬ್ಬರ ಗಂಡ. ಈ ಉತ್ತರ ನಿಮ್ಮ ಯಜಮಾನರಿಗೂ ಸೇರಲಿ.

ಕೆನಡಾದಲ್ಲಿ ಒಳ್ಳೆಯದು ಏನಂದರೆ, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಅಂಕ ನೋಡಿ ಜನರನ್ನು ಆರಿಸುವ ಪದ್ಧತಿ) ಆಯ್ಕೆಯಾದರೆ ಬರುವಾಗಲೇ ಕಾಯಂ ನಿವಾಸಿಗಳು. ಗಂಡ, ಹೆಂಡತಿ, ಮಗು ಒಂದೇ ವಿಮಾನ ಹತ್ತಬಹುದು. ಇದು ಸಣ್ಣ ವಿಷಯ ಅಲ್ಲ. 2023ರಿಂದ ಆರೋಗ್ಯ ಕ್ಷೇತ್ರದವರಿಗೆ ಅಂತಲೇ ಬೇರೆ ಸುತ್ತುಗಳನ್ನೂ ನಡೆಸುತ್ತಿದ್ದಾರೆ. ಆದರೆ 30ರಿಂದ ಮುಂದೆ ಪ್ರತಿ ವರ್ಷ ವಯಸ್ಸಿನ ಅಂಕ ಇಳಿಯುತ್ತದೆ. ಹಾಗಾಗಿ ಇಂಗ್ಲಿಷ್ ಪರೀಕ್ಷೆಯನ್ನು ಮುಂದೂಡಬೇಡಿ.

ಕಷ್ಟ ಏನಂದರೆ, ಕಾಯಂ ನಿವಾಸಿ ಆದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯ. ಎನ್‌ಸಿಎಲ್‌ಇಎಕ್ಸ್ ಪರೀಕ್ಷೆ ಪಾಸಾಗಬೇಕು. ನನ್ನ ಹೆಂಡತಿಗೆ ಎಲ್ಲಾ ಸೇರಿ ಎರಡು ವರ್ಷ ಹಿಡಿಯಿತು. ಅಷ್ಟು ದಿನ ನಾನು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದೆ. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತಾನೆ. ಮೈನಸ್ 25ರಲ್ಲಿ ಬಸ್ಸಿಗೆ ಕಾಯುವಾಗ ಮೂಗಿನೊಳಗಿನ ಕೂದಲು ಗಟ್ಟಿಯಾಗಿದ್ದು ಗೊತ್ತಾಗುತ್ತದೆ. ಆ ಚಳಿಗಾಲಗಳಲ್ಲಿ ನಾನು ಮಧ್ಯಾಹ್ನ ಎದ್ದು, ಕತ್ತಲಾದ ಮೇಲೆ ಹೊರಗೆ ಹೋಗಿ, ಕತ್ತಲಲ್ಲೇ ವಾಪಸ್ ಬಂದವನು.

ಯಜಮಾನರಿಗೆ ಒಂದು ಕೋರಿಕೆ. ಸ್ನೇಹಿತರು ಇರುವ ಊರು ಅಂತಲೇ ಆರಿಸಬೇಡಿ. ನನ್ನ ಸ್ನೇಹಿತರು ಇದ್ದದ್ದು ಟೊರಾಂಟೊ ಪಕ್ಕ. ಮೊದಲು ಅಲ್ಲಿಗೇ ಹೋದೆವು. ಅವರೆಲ್ಲಾ ಒಳ್ಳೆಯವರೇ, ಆದರೆ ಅವರಿಗೂ ಎರಡೆರಡು ಕೆಲಸ. ತಿಂಗಳಿಗೆ ಒಮ್ಮೆ ಸಿಕ್ಕರೆ ಹೆಚ್ಚು. ನೆಲಮಾಳಿಗೆಯ ಬಾಡಿಗೆಗೆ ಸಂಬಳದ ಅರ್ಧ ಹೋಗುತ್ತಿತ್ತು. ಎಡ್ಮಂಟನ್‌ಗೆ ಬಂದ ಮೇಲೇ ನಾವು ಉಸಿರಾಡಿದ್ದು. ಹೆಂಡತಿ ಓದುವಾಗ ಮಗುವನ್ನು ನೋಡಿಕೊಳ್ಳುವವರು ನೀವು, ಅಡುಗೆ ಮಾಡುವವರೂ ನೀವು. ಅದಕ್ಕೆ ಸಿದ್ಧ ಇದ್ದೀರಾ ಅಂತ ಈಗಲೇ ಹೆಂಡತಿಯ ಹತ್ತಿರ ಕೂತು ಮಾತಾಡಿ.

ಕುಂದಾಪುರದಿಂದ

ದುಬೈ ಬಗ್ಗೆ ಯಾರೂ ಕೇವಲವಾಗಿ ಮಾತಾಡಬಾರದು. ನಾನು 12 ವರ್ಷ ಅಲ್ಲಿ ನರ್ಸ್ ಆಗಿದ್ದೆ. ಊರಿನ ಮನೆ, ತಂಗಿಯ ಮದುವೆ, ಅಪ್ಪನ ಬೈಪಾಸ್ ಎಲ್ಲಾ ಅದೇ ದುಡ್ಡು. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಡೇಟಾಫ್ಲೋದವರು ಸರ್ಟಿಫಿಕೇಟು ಪರಿಶೀಲಿಸುತ್ತಾರೆ, ದುಬೈ ಆರೋಗ್ಯ ಪ್ರಾಧಿಕಾರದ (ಡಿಎಚ್‌ಎ) ಪರೀಕ್ಷೆ ಬರೆಯಬೇಕು, ಅಷ್ಟೇ. ಹೊಸ ಭಾಷೆ ಕಲಿಯುವ ತಲೆನೋವು ಇಲ್ಲ. ಮಂಗಳೂರಿಂದ ಬೆಳಿಗ್ಗೆ ವಿಮಾನ ಹತ್ತಿದರೆ ಮಧ್ಯಾಹ್ನದ ಊಟ ಅಲ್ಲಿ. ಅಪ್ಪನಿಗೆ ಎದೆನೋವು ಬಂದ ರಾತ್ರಿ ಹೊರಟವಳು ಬೆಳಗಾಗುವಾಗ ಆಸ್ಪತ್ರೆಯಲ್ಲಿದ್ದೆ.

ಆದರೆ ಅಲ್ಲಿ ವೀಸಾ ನಿಂತಿರುವುದು ಕೆಲಸದ ಮೇಲೆ. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸ್ವಲ್ಪ ದಿನ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನ ಮಗಳು ಅಲ್ಲೇ ಬೆಳೆದಳು. ಹನ್ನೆರಡನೇ ತರಗತಿ ಮುಗಿದಾಗ 'ನಮ್ಮೂರು ಯಾವುದಮ್ಮಾ' ಅಂತ ಕೇಳಿದಳು. ಕುಂದಾಪುರ ಅಂದೆ. 'ಅದು ನಿನ್ನೂರು' ಅಂದಳು. ನಿಮ್ಮ ಮಗಳಿಗೆ ಈಗ 4. ದುಬೈಗೆ ಹೋಗುವುದಾದರೆ ಎಷ್ಟು ವರ್ಷಕ್ಕೆ ಅಂತ ಮೊದಲೇ ಗಂಡ ಹೆಂಡತಿ ತೀರ್ಮಾನ ಮಾಡಿಕೊಳ್ಳಿ. ಅಲ್ಲಿ ಮೂರು ನಾಲ್ಕು ವರ್ಷ ದುಡಿದು, ಸಾಲ ಇಲ್ಲದೆ ಬೇರೆ ದೇಶಕ್ಕೆ ಹೋದ ನರ್ಸುಗಳು ನನ್ನ ವಾರ್ಡಿನಲ್ಲೇ ಇದ್ದರು. ನಿಮ್ಮ ಉಳಿತಾಯ ನೋಡಿದರೆ ನನಗೆ ಅದೇ ಸರಿ ಅನ್ನಿಸುತ್ತದೆ.

ತಿಪಟೂರಿನಿಂದ

ಅಮ್ಮಾ, ನಾನು ರಿಟೈರ್ ಆದ ಮೇಷ್ಟ್ರು. ಮಗ ಸೊಸೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದಾರೆ. ಸೊಸೆಯೂ ನರ್ಸೇ. ಲೈಸೆನ್ಸಿಗೆ ಅಡಿಲೇಡ್‌ಗೆ ಹೋಗಿ ಪ್ರಾಯೋಗಿಕ ಪರೀಕ್ಷೆ ಕೊಟ್ಟು ಬಂದಳು. ಆ ದಿನ ನಾವಿಬ್ಬರೂ ಇಲ್ಲಿ ಗಡಿಯಾರ ನೋಡಿಕೊಂಡು ಕೂತಿದ್ದೆವು. ಪರ್ತ್ ನಮಗಿಂತ ಎರಡೂವರೆ ಗಂಟೆ ಮುಂದೆ ಅಷ್ಟೇ. ಅವರ ರಾತ್ರಿ ಊಟದ ಹೊತ್ತಿಗೆ ನಮ್ಮ ಸಂಜೆ ಕಾಫಿ. ದಿನಾ ಮಾತಾಡುತ್ತೇವೆ. ಅಮೆರಿಕದಲ್ಲಿ ಮಗ ಇರುವ ನನ್ನ ಸ್ನೇಹಿತರಿಗೆ ಈ ಅನುಕೂಲ ಇಲ್ಲ. ದೇಶ ಆರಿಸುವಾಗ ಇದನ್ನೂ ಒಂದು ಲೆಕ್ಕಕ್ಕೆ ಹಿಡಿಯಿರಿ.

ಹೋಗುವುದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ಆದರೆ ನಿಮ್ಮ ಪತ್ರದಲ್ಲಿ ಅತ್ತೆ ಮಾವನ ಬಗ್ಗೆ ಒಂದೇ ಸಾಲು ಇತ್ತು. ಅವರಿಗೆ ಈ ವಿಷಯ ಹೇಳಿದ್ದೀರಾ?

ಹೋದ ವರ್ಷ ನನ್ನ ಹೆಂಡತಿ ಬಚ್ಚಲಲ್ಲಿ ಬಿದ್ದಳು. ಸೊಂಟದ ಮೂಳೆ. ಚಿಲಕ ಒಳಗಿಂದ ಹಾಕಿತ್ತು, ನನ್ನ ಕೈಯಲ್ಲಿ ಬಾಗಿಲು ಒಡೆಯಲು ಆಗಲಿಲ್ಲ. ಪಕ್ಕದ ಮನೆಯ ಹುಡುಗ ಬಂದು ಒಡೆದ. ಮಗ ಮೂರನೇ ದಿನ ಬಂದ. ಅವನ ಮೇಲೆ ನನಗೆ ಬೇಜಾರಿಲ್ಲ, ಸಿಕ್ಕ ಮೊದಲ ವಿಮಾನಕ್ಕೇ ಹೊರಟಿದ್ದ. ಆ ಮೂರು ದಿನ ಅವನು ಅಲ್ಲಿ ಏನು ಅನುಭವಿಸಿದ ಅಂತ ಅವನ ಮುಖ ನೋಡಿದಾಗ ಗೊತ್ತಾಯಿತು. ಅದಾದ ಮೇಲೆ ನಾವು ಬಚ್ಚಲಿಗೆ ಹೊರಗಿಂದಲೂ ತೆಗೆಯುವ ಚಿಲಕ ಹಾಕಿಸಿದೆವು. ಗೋಡೆಗೆ ಕಂಬಿ ಹಾಕಿಸಿದೆವು. ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯಲ್ಲಿದೆ. ಆಸ್ಪತ್ರೆ ಫೈಲು, ಇನ್ಶೂರೆನ್ಸ್ ಕಾಗದ, ಬ್ಯಾಂಕ್ ಪಾಸ್‌ಬುಕ್ ಒಂದೇ ಚೀಲದಲ್ಲಿ, ಟಿ.ವಿ. ಪಕ್ಕದ ಮೊಳೆಗೆ ನೇತಾಡುತ್ತಿದೆ. ಇದನ್ನೆಲ್ಲಾ ಮಗ ಹೋಗುವ ಮುಂಚೆಯೇ ಮಾಡಬಹುದಿತ್ತು, ಯಾರಿಗೂ ಹೊಳೆಯಲಿಲ್ಲ. ನೀವು ಮಾಡಿಟ್ಟು ಹೋಗಿ. ಅತ್ತೆ ಮಾವನಿಗೂ ಪಾಸ್‌ಪೋರ್ಟ್ ಮಾಡಿಸಿ. ಯಾವತ್ತಾದರೂ ಹೋಗುತ್ತೇವೆ ಅನ್ನುವ ಆಸೆಗೆ ಅದು ಕೈಯಲ್ಲಿ ಇರಲಿ.

ನಿಮ್ಮ ಮಾವನವರು ಕೊಬ್ಬರಿ ಹಾಕಲು ತಿಪಟೂರಿಗೆ ಬರುತ್ತಾರಲ್ವಾ? ನಮ್ಮ ಮನೆ ಮಾರುಕಟ್ಟೆಯಿಂದ ನಡೆದು ಬರುವ ದೂರ. ಪತ್ರಿಕೆಯವರ ಹತ್ತಿರ ನನ್ನ ವಿಳಾಸ ಇದೆ, ಕೇಳಿ ಪಡೆಯಿರಿ. ಮುಂದಿನ ಸಲ ಬಂದಾಗ ಊಟಕ್ಕೆ ನಮ್ಮಲ್ಲಿಗೇ ಬರಲಿ. ಮಕ್ಕಳು ದೂರ ಇದ್ದಾಗ ದಿನ ಹೇಗೆ ಹೋಗುತ್ತದೆ ಅಂತ ನಾನೇ ಅವರಿಗೆ ಹೇಳುತ್ತೇನೆ.