ಮಂಗಳವಾರದ ಡಾಕ್ಟರ್, ಮರೆತುಹೋದ ಚೀಟಿ

ಹಿತ್ತಲಮನೆ: ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಣ್ಣನಿಗೆ ತಿಂಗಳಿಗೊಂದು ಇಂಜೆಕ್ಷನ್. ಹೋದ ತಿಂಗಳು ಮರೆತೇಬಿಟ್ಟೆವು. ಚೀಟಿ ದೇವರ ಗೂಡಿನಲ್ಲಿ ಕುಂಕುಮದ ಭರಣಿ ಕೆಳಗಿತ್ತು. ಗ್ಯಾಸ್ ಬುಕ್ ಮಾಡಿದರೆ ಸಾಲಾಗಿ ಮೆಸೇಜ್ ಬರುತ್ತೆ. ಇದಕ್ಕೆ ಹಿಂದಿನ ದಿನ ಒಂದು ಹಾಕಿದರೆ ಏನು ಕಷ್ಟ?

ತುಂಬೆಹೂ: ಬೇಡಪ್ಪ. ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಫೋನ್. ಒಂದು ಖಾಸಗಿ ಕ್ಲಿನಿಕ್ಕಿನಿಂದ ‘ಮಾನಸಿಕ ಚಿಕಿತ್ಸೆಗೆ ನಾಳೆ 11 ಗಂಟೆಗೆ ಬನ್ನಿ’ ಅಂತ ಬಂತು. ಗೇಮ್ ಆಡುತ್ತಿದ್ದ ನಾದಿನಿಯ ಮಗ ಜೋರಾಗಿ ಓದಿದ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. ಆರು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ.

ಬಿಳಿಕೋಟು: ನಾನು ನರ್ಸ್. ಅಕ್ಕ, ಅದು ಕ್ಲಿನಿಕ್ಕಿನವರದ್ದೇ ತಪ್ಪು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು. ‘ನಾಳೆ ಆಸ್ಪತ್ರೆಗೆ ಬನ್ನಿ, ಚೀಟಿ ತನ್ನಿ’ ಅಂದರೆ ಸಾಕು. ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಕೊಳ್ಳಬೇಕು. ನೆನಪಿಸಿದರೆ ಜಾಸ್ತಿ ಜನ ಬರುತ್ತಾರೆ ಅನ್ನುವುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಕಂಡಿದೆ. ತಪ್ಪಿಸಿಕೊಂಡವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಮಾತಾಡಬಹುದು ನಿಜ, ಆದರೆ ಇಂಜೆಕ್ಷನ್ ಫೋನಿನಲ್ಲಿ ಬರಲ್ಲ ಅಲ್ವಾ?

ಕೆಂಪುಬಸ್ಸು: ಎಲ್ಲರೂ ಮರೆತು ತಪ್ಪಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೀರಲ್ಲ! ನನಗೆ ದಿನ ಚೆನ್ನಾಗಿ ನೆನಪಿರುತ್ತೆ. ಹೋದರೆ ಅವತ್ತಿನ ಕೂಲಿ ಹೋಯಿತು. ಶಕ್ತಿ ಯೋಜನೆ ಬಂದಮೇಲೆ ಜೊತೆಗೆ ಬರುವ ಅಮ್ಮನಿಗೆ ಟಿಕೆಟ್ ಇಲ್ಲ, ರೋಗಿ ನನಗೆ ಇದೆ. ಇನ್ನೊಂದು ಸಲ ಇದನ್ನೆಲ್ಲ ಮಾಡಿಕೊಂಡು ಹೋದರೆ ಬಾಗಿಲಿಗೆ ‘ಇಂದು ವೈದ್ಯರು ರಜೆ’ ಅಂತ ಚೀಟಿ. ನಮಗೆ ನೆನಪಿಸುವ ಮೊದಲು ಅದನ್ನು ಮೆಸೇಜ್ ಮಾಡಿ ಸ್ವಾಮಿ.

ಬಿಳಿಕೋಟು: ಒಪ್ಪಿದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತುಂಬೆಹೂ: ಆಶಾ ಕಾರ್ಯಕರ್ತೆಯರಿಂದ ಹೇಳಿಸೋಣ ಅಂತ ಮಾತ್ರ ಅನ್ನಬೇಡಿ. ಬಾಣಂತಿ ಇಲ್ಲದ ಮನೆಗೆ ಅವರು ಯಾಕೆ ಬಂದರು ಅಂತ ಬೀದಿಯೆಲ್ಲ ಕೇಳುತ್ತೆ.

ಕೆಂಪುಬಸ್ಸು: ನಮ್ಮೂರಲ್ಲಿ ಅವರು ಬಿಪಿ, ಶುಗರ್ ಅಂತ ಎಲ್ಲರ ಮನೆಗೂ ಹೋಗುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅಂದಹಾಗೆ ಹಿತ್ತಲಮನೆಯವರೇ, ನಿಮ್ಮಣ್ಣ ಏನಂತಾರೆ? ಅವರನ್ನು ಕೇಳಿದಿರಾ?

ಹಿತ್ತಲಮನೆ: ಕೇಳಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಈಗ ಕೇಳಿಕೊಂಡು ಬಂದೆ. ‘ನಿನ್ನ ಫೋನಿಗೆ ಯಾಕೆ, ನನ್ನದಕ್ಕೇ ಬರಲಿ’ ಅಂದ. ಅವನದು ಹಳೇ ಬಟನ್ ಸೆಟ್. ಕನ್ನಡದಲ್ಲಿ ಮೆಸೇಜ್ ಬಂದರೆ ಬರೀ ಡಬ್ಬಿ ಡಬ್ಬಿ ಕಾಣುತ್ತೆ. ನರ್ಸಮ್ಮ, ಸೋಮವಾರ ಸಂಜೆ ಒಂದು ಫೋನ್ ಮಾಡಿಸಲು ಯಾರನ್ನು ಕೇಳಬೇಕು?

ಬಿಳಿಕೋಟು: ಮುಂದಿನ ಸಲ ಹೋದಾಗ ಅಲ್ಲಿನ ಆಪ್ತಸಮಾಲೋಚಕರಿಗೆ ಹೇಳಿ, ಅಣ್ಣನ ನಂಬರನ್ನು ಅವರ ಎದುರಿಗೇ ಬರೆಸಿ. ತಪ್ಪಿದ ಇಂಜೆಕ್ಷನ್‌ಗೆ ಮಾತ್ರ ಮಂಗಳವಾರದವರೆಗೆ ಕಾಯಬೇಡಿ, ನಾಳೆಯೇ ಹೋಗಿ ವಿಚಾರಿಸಿ.