ಏರ್‌ಬ್ಯಾಗ್ ದೀಪ ಆರುತ್ತಲೇ ಇಲ್ಲ, ಎಲ್ಲಿಂದ ನೋಡಲಿ?

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹೊತ್ತಿ ಆರಬೇಕು ಅಲ್ವಾ? ಮೂರು ದಿನದಿಂದ ಆರುತ್ತಿಲ್ಲ. ಕಾರು ಎಲ್ಲೂ ಗುದ್ದಿಲ್ಲ. ಭಾನುವಾರ ಸೀಟು ಸರಿಸಿ ಒಳಗೆಲ್ಲ ವ್ಯಾಕ್ಯೂಮ್ ಮಾಡಿದ್ದೆ, ಅಷ್ಟೇ. ಯಾರಿಗಾದರೂ ಹೀಗಾಗಿತ್ತಾ?

— ವ್ಯಾಕ್ಯೂಮ್ ಮಾಡಿದ್ದೇ ಕಾರಣ ಇರಬೇಕು. ಸೈಡ್ ಏರ್‌ಬ್ಯಾಗ್ ಸೀಟಿನಲ್ಲಿದ್ದರೆ ಅದರ ವೈರು ಸೀಟಿನಡಿಯ ಕನೆಕ್ಟರಿಗೆ ಬರುತ್ತದೆ, ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದು ಚೂರು ಸಡಿಲವಾದರೂ ದೀಪ ಹೊತ್ತುತ್ತದೆ. ನಾನು ಸೀಟಿನಡಿ ಕೊಡೆ ತುರುಕಿ ಇದನ್ನು ಕಲಿತೆ. ಆದರೆ ತಕ್ಷಣ ಕೈ ಹಾಕಬೇಡಿ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾರಿನ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಬ್ಯಾಟರಿ ತೆಗೆದರೂ ಏರ್‌ಬ್ಯಾಗ್ ಸಿಡಿಸುವಷ್ಟು ಕರೆಂಟು ಕಂಟ್ರೋಲ್ ಯೂನಿಟ್ಟಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ.

— ಸೀಟಿನ ಮೇಲೇ ಅನುಮಾನ ಬೇಡ. ಹಾರ್ನ್ ಕೂಗುತ್ತಾ? ಸ್ಟೀರಿಂಗ್ ಮೇಲಿನ ಬಟನ್‌ಗಳು? ನನ್ನ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ದೀಪ ಬರುತ್ತಿತ್ತು, ಹಾರ್ನ್ ಒಮ್ಮೊಮ್ಮೆ ಮೂಕ. ಕೊನೆಗೆ ನೋಡಿದರೆ ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿಕೊಂಡಿರುವ ಪಟ್ಟಿ ವೈರು, ಅದೇ ಕ್ಲಾಕ್ ಸ್ಪ್ರಿಂಗ್, ತುಂಡಾಗಿತ್ತು. ಅದಕ್ಕೂ ಮೊದಲು ಒಂದು ಗ್ಯಾರೇಜಿನವರು ಸುಮ್ನೆ ಬ್ಯಾಟರಿ ಬದಲಾಯಿಸಿದ್ದರು! (ವೋಲ್ಟೇಜ್ ಇಳಿದರೂ ಈ ದೀಪ ಬರುವುದುಂಟು. ನನ್ನದು ಅದಲ್ಲ.)

— ಊಹೆ ಸಾಕು, ಕೋಡ್ ಓದಿಸಿ, ಅಂದರೆ ಕಂಟ್ರೋಲ್ ಯೂನಿಟ್ ಬರೆದಿಟ್ಟುಕೊಂಡ ದೋಷದ ಗುರುತು. ಅಗ್ಗದ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಎಂಜಿನ್ನಿನ ‘ಪಿ’ ಕೋಡ್ ಮಾತ್ರ ತೋರಿಸುತ್ತವೆ. ಏರ್‌ಬ್ಯಾಗಿನದು ಹೆಚ್ಚಾಗಿ ‘ಬಿ’ಯಿಂದ ಶುರುವಾಗುತ್ತದೆ. ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆ) ಓದುವ ಸ್ಕ್ಯಾನರೇ ಬೇಕು. ಇನ್ನೊಂದು ಮಾತು: ಮನೆಯಲ್ಲಿ ಮಲ್ಟಿಮೀಟರ್ ಇದೆ ಅಂತ ಏರ್‌ಬ್ಯಾಗಿನ ಪಿನ್ನಿಗೆ ಇಡಬೇಡಿ. ಓಮ್ ಅಳೆಯಲು ಮೀಟರೇ ಸಣ್ಣ ಕರೆಂಟು ಕಳಿಸುತ್ತದೆ, ಅಷ್ಟಕ್ಕೇ ಸಿಡಿಯುವ ಅಪಾಯವಿದೆ. ಏರ್‌ಬ್ಯಾಗಿನ ಬದಲು ರೆಸಿಸ್ಟರ್ ಹಾಕಿ ದೀಪ ಆರಿಸಿಕೊಡುವವರೂ ಸಿಗುತ್ತಾರೆ. ಅವರು ಆರಿಸುವುದು ದೀಪವನ್ನು, ಬ್ಯಾಗ್ ಮಾತ್ರ ಅಪಘಾತದಲ್ಲಿ ಬಿಚ್ಚಿಕೊಳ್ಳುವುದಿಲ್ಲ.

— ಕೇಳಿದವನೇ ಬಂದೆ. ಹಾರ್ನ್ ಸರಿಯಿದೆ. ಕೋಡ್ ಓದಿಸಿದೆ: ಚಾಲಕನ ಬದಿಯ ಸೈಡ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಜಾಸ್ತಿ. ಬ್ಯಾಟರಿ ಬಿಚ್ಚಿ, ಕಾದು, ಬಗ್ಗಿ ನೋಡಿದರೆ ಹಳದಿ ಕನೆಕ್ಟರ್ ಅರ್ಧ ಕೂತಿತ್ತು. ಒತ್ತಿದೆ, ಟಿಕ್ ಅಂದಿತು. ಆದರೂ ದೀಪ ಆರಿಲ್ಲವಲ್ಲ?

— ಕೊಡೆಯವನು ನಾನು. ಹಳೇ ಕೋಡ್ ಯೂನಿಟ್ಟಿನ ಮೆಮೊರಿಯಲ್ಲಿ ಕೂತಿರುತ್ತದೆ. ಅದೇ ಸ್ಕ್ಯಾನರಿನಲ್ಲಿ ಅಳಿಸಿ. ಮತ್ತೆ ಬಂದರೆ ವೈರೇ ಹೋಗಿರಬಹುದು, ಆಗ ತಿಳಿದವರಿಗೆ ಬಿಡಿ.

— ಅಳಿಸಿದೆ, ಆರಿತು. ಸೀಟನ್ನು ಹಿಂದೆ ಮುಂದೆ ನಾಲ್ಕು ಸಲ ಸರಿಸಿಯೂ ನೋಡಿದೆ, ಬರಲಿಲ್ಲ.